ಹಾಪೊಲಿ ಸ್ಟ್ಯಾಂಡಿನ ಯಾಪುಂಗ್

ಅರುಣಾಚಲದ ಗುಡ್ಡಗಾಡಿನ ಊರು ಹಾಪೊಲಿಯ ಬಾಡಿಗೆ ಸುಮೋ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವ ಯಾಪುಂಗ್ ಎಂಬಾಕೆಯ ಕಣ್ಣಿಗೆ, ಇಟಾನಗರಕ್ಕೆ ಹೊರಟ ಪ್ರತಿ ಗಾಡಿಯೂ ಕಣಿವೆಗೆ ಬೀಳಲೆಂದೇ ಹೊರಟಂತೆ ಕಾಣುತ್ತದೆ. ನಾಲ್ಕು ಚಕ್ರಗಳನ್ನೂ ಒದ್ದು ನೋಡುತ್ತಾಳೆ, ಡ್ರೈವರನ ಬಾಯಿ ಮೂಸುತ್ತಾಳೆ, ಮೋಡ ಕವಿದರಂತೂ ಪ್ರಯಾಣಿಕರನ್ನೇ “ಇವತ್ತೇ ಹೋಗ್ಬೇಕೇನ್ರೀ?” ಎಂದು ಗದರುತ್ತಾಳೆ. “ನಮ್ಮನ್ನ ಹೆತ್ತೋಳೂ ಇಷ್ಟು ಕಾಡಲ್ಲ ಕಣಕ್ಕಾ,” ಎಂದು ಡ್ರೈವರುಗಳು ನಗುತ್ತಾರೆ. ಈ ವರ್ಷ ಅವಳ ಮಗಳು ಪುನ್ಯೊ ಕೂಡ ಅದೇ ದಾರಿಯಲ್ಲಿ ಸುಮೋ ಓಡಿಸತೊಡಗಿದ್ದಾಳೆ. ಮೊನ್ನೆ ಗುಡ್ಡ ಕುಸಿದು, ಸಂಜೆಯಾದರೂ ಪುನ್ಯೊಳ ಗಾಡಿ ಬರಲಿಲ್ಲ. ಯಾಪುಂಗ್ ಮೊಬೈಲನ್ನು ಬಿಗಿಹಿಡಿದು ರಸ್ತೆಯನ್ನೇ ನೋಡುತ್ತ ಕೂತಳು. ಕೊನೆಗೂ ಮಣ್ಣು ಮೆತ್ತಿದ ಗಾಡಿಯಿಂದ ಇಳಿದ ಮಗಳು, “ಒಂದು ಫೋನಾದ್ರೂ ಮಾಡ್ಬಾರ್ದಿತ್ತೇನಮ್ಮ?” ಅಂದಳು. “ಮಾಡಿದ್ರೆ, ಎತ್ತೋಕೆ ಅಂತ ಸ್ಟೀರಿಂಗಿಂದ ಕೈ ತೆಗೀತಿದ್ಯಲ್ಲೇ,” ಎಂದಳು ಯಾಪುಂಗ್.