ಮೂರು ಕಂಪ್ಯೂಟರ್, ಮೂರು ಮಧ್ಯಾಹ್ನ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ನಾಲ್ಕನೇ ಮಹಡಿಯಲ್ಲಿ ಆರು ವರ್ಷ ನಾನು ಕಂಪ್ಯೂಟರ್‌ಗಳನ್ನು ಒರೆಸಿದ್ದೇನೆ. ಹೌಸ್‌ಕೀಪಿಂಗ್ ಕೆಲಸ. ಬೆಳಿಗ್ಗೆ ಬೇಗೂರಿನಿಂದ ಹೊರಟು, ಇಂಜಿನಿಯರುಗಳು ಬರುವಷ್ಟರಲ್ಲಿ ಆ ಮಹಡಿಯ ಮೇಜುಗಳನ್ನೆಲ್ಲ ಮುಗಿಸಬೇಕು. ಯಾರ ಕೀಬೋರ್ಡಿನ ಸಂದಿಯಲ್ಲಿ ಖಾರಾ ಮಿಕ್ಸ್‌ಚರ್ ಸಿಕ್ಕಿಕೊಂಡಿರುತ್ತದೆ, ಯಾರಿಗೆ ಪರದೆಯ ಮೇಲೆ ಬೆರಳಿಟ್ಟು ತೋರಿಸುವ ಅಭ್ಯಾಸ, ಎಲ್ಲ ನನಗೆ ಗೊತ್ತಿತ್ತು. ಆದರೆ ಒಂದೇ ಒಂದು ಕೀ ಬೇಕೆಂದು ಒತ್ತಿದವಳಲ್ಲ. ಕೆಲಸಕ್ಕೆ ಸೇರಿದ ದಿನವೇ ನಮ್ಮ ಸೂಪರ್‌ವೈಸರ್ ಹೇಳಿಬಿಟ್ಟಿದ್ದರು: "ಒರೆಸು. ಒತ್ತಬೇಡ."

ಒಮ್ಮೆ ಬಟ್ಟೆ ತಗುಲಿ ಒಂದು ಪರದೆ ತಟ್ಟನೆ ಬೆಳಗಿತು. ನಾನು ಬಕೆಟ್ ಅಲ್ಲೇ ಬಿಟ್ಟು ಪ್ಯಾಂಟ್ರಿಗೆ ಓಡಿಹೋಗಿ ನಿಂತಿದ್ದೆ. ಅಷ್ಟು ಹೆದರಿಕೆ.

ಹಾಗಾಗಿ ಒಂದು ಸೋಮವಾರ ಸೂಪರ್‌ವೈಸರ್ ಬಂದು, "ಏನಮ್ಮಾ, ಕೊನೆ ರೂಮಿನ ಮೇಡಂ ನಿನ್ನ ಕರೀತಾವ್ರೆ. ಏನ್ ಮಾಡ್ಕೊಂಡೆ?" ಎಂದಾಗ ನಾನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೊರಟೆ. ಆ ರೂಮಿನಲ್ಲಿ ಏನು ಒಡೆದಿರಬಹುದು, ಏನು ಚೆಲ್ಲಿರಬಹುದು ಎಂದು ನೆನಪು ಮಾಡಿಕೊಳ್ಳುತ್ತಾ ಹೋದೆ.

ಮೇಡಂ ಹುಬ್ಬಳ್ಳಿ ಕಡೆಯವರು. ಹಣೆಯಲ್ಲಿ ಸಣ್ಣದಾಗಿ ವಿಭೂತಿ, ಕೈಯಲ್ಲಿ ಸದಾ ಒಂದು ನೋಟ್‌ಬುಕ್. ದಿನಾ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದ ಕೆಲವೇ ಜನರಲ್ಲಿ ಅವರೊಬ್ಬರು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಎಳೆದರು. ಆ ಮಹಡಿಯಲ್ಲಿ ನಾನು ಕುರ್ಚಿಗಳನ್ನು ಸರಿಸಿದ್ದೆ, ಕೂತಿರಲಿಲ್ಲ. ತುದಿಯಲ್ಲಿ ಕೂತೆ.

ಅವರು ವಿಷಯ ಹೇಳಿದರು. ಮೇಜಿನ ಮೇಲಿಡುವ ಕಂಪ್ಯೂಟರ್‌ಗಳಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ ಇರುತ್ತವಂತೆ. ವಿಂಡೋಸ್, ಮ್ಯಾಕ್, ಲಿನಕ್ಸ್. ದಿನನಿತ್ಯದ ಸಣ್ಣ ಕೆಲಸಗಳಿಗೆ ಹೊಸಬರಿಗೆ ಯಾವುದು ಸಲೀಸು, ಎಲ್ಲಿ ಎಡವುತ್ತಾರೆ ಎಂದು ನೋಡುವುದು ಅವರ ತಂಡದ ಕೆಲಸ.

"ಈ ಬಿಲ್ಡಿಂಗಿನ್ಯಾಗ ಎಲ್ಲಾರಿಗೂ ಕಂಪ್ಯೂಟರ್ ಬರ್ತೈತ್ರಿ. ಬರಲಾರದವರು ಸಿಗೂದ ಕಷ್ಟ ಆಗೇತಿ. ನೀವು ಮೂರು ದಿನ, ಮಧ್ಯಾಹ್ನ ಒಂದೊಂದ ತಾಸು ಬರ್ತೀರೇನು?"

ನನಗೆ ಏನೂ ಬರುವುದಿಲ್ಲ ಎನ್ನುವುದೇ ಒಂದು ಅರ್ಹತೆ ಆದದ್ದು ಅದೇ ಮೊದಲು. ನಗಬೇಕೋ ಬೇಸರಪಡಬೇಕೋ ತಿಳಿಯದೆ "ಸೂಪರ್‌ವೈಸರ್‌ನ ಕೇಳ್ಬೇಕು ಮೇಡಂ" ಎಂದೆ. "ನಾ ಕೇಳ್ತೇನ್ರಿ" ಎಂದರು.

ಮೊದಲ ದಿನ ವಿಂಡೋಸ್. ನಾನು ವರ್ಷಗಟ್ಟಲೆ ಒರೆಸಿದ್ದು ಹೆಚ್ಚಾಗಿ ಇಂಥವನ್ನೇ, ಆದ್ದರಿಂದ ಮುಖಪರಿಚಯ ಇತ್ತು. ಕೆಲಸ ಸುಲಭವಾಗಿ ಕೇಳಿಸಿತು: ಬರೆಯುವ ಹಾಳೆ ತೆರೆಯುವುದು, ನನ್ನ ಹೆಸರು ಟೈಪ್ ಮಾಡುವುದು, ಉಳಿಸುವುದು, ಮುಚ್ಚುವುದು, ಆಮೇಲೆ ಹುಡುಕಿ ತೆಗೆಯುವುದು. ಮೌಸ್ ಹಿಡಿದೆ. ಪರದೆಯ ಬಾಣ ಕೆಳಕ್ಕೆ ಹೋಗಬೇಕಿತ್ತು. ನಾನು ಸರಿಸುತ್ತಾ ಸರಿಸುತ್ತಾ ಮೌಸ್ ಮೇಜಿನ ಅಂಚು ದಾಟಿ ನನ್ನ ಮಡಿಲಿಗೆ ಬಿತ್ತು. ಅದನ್ನು ಎತ್ತಿ ಮತ್ತೆ ಮಧ್ಯಕ್ಕೆ ಇಟ್ಟುಕೊಳ್ಳಬಹುದು ಎಂದು ನನಗೆ ಯಾರು ಹೇಳಿದ್ದರು?

"ಸಾರಿ ಮೇಡಂ, ಸಾರಿ" ಎಂದೆ. ಆನೇಕಲ್‌ನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಎರಡು ಸಲ ಬರೆದು ಎರಡು ಸಲವೂ ಫೇಲಾದವಳು ನಾನು. ಎದುರಿಗೆ ಒಬ್ಬರು ಪೆನ್ನು ಹಿಡಿದು ಕೂತರೆ ಸಾಕು, ಆ ಹಾಲ್, ಆ ಗಂಟೆ ಎಲ್ಲ ಬಂದುಬಿಡುತ್ತದೆ. "ನಾನು ಫೇಲ್ ಮೇಡಂ. ಬೇರೆ ಯಾರನ್ನಾದ್ರೂ ಕರೀರಿ" ಎಂದು ಎದ್ದೆ.

ಅವರು ಪೆನ್ನು ಕೆಳಗಿಟ್ಟರು. "ಪರೀಕ್ಷೆ ನಿಮಗಲ್ರಿ ಅಕ್ಕಾರ, ಈ ಮಷೀನಿಗೆ. ನಿಮಗ ತಿಳೀಲಿಲ್ಲಂದ್ರ ಅದು ಫೇಲ್, ನೀವಲ್ಲ. ನೀವು ಮನಸ್ಸಿಗೆ ಬಂದದ್ದನ್ನ ಬಾಯಿಬಿಟ್ಟು ಹೇಳ್ಕೋತ ಹೋಗ್ರಿ, ಬೈಯಬೇಕನಿಸಿದ್ರ ಬೈರಿ."

ನಾನು ಕೂತೆ. ಅವರ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕಟ್ಟಡದಲ್ಲಿ ನನ್ನ ಕೆಲಸದ ಮುಖ್ಯ ಭಾಗವೇ ಬಾಯಿ ಬಿಡದಿರುವುದು, ಇದ್ದೂ ಕಾಣದಂತಿರುವುದು. ಈಗ ಒಬ್ಬರು, ನನಗೆ ಏನನ್ನಿಸುತ್ತದೋ ಅದನ್ನು ಬರೆದುಕೊಳ್ಳಲು ಕಾಯುತ್ತಾ ಕೂತಿದ್ದರು. ಆ ದಿನ ನನ್ನ ಹೆಸರು ಟೈಪ್ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಇಂಗ್ಲಿಷ್ ಅಕ್ಷರಗಳು ಎ, ಬಿ, ಸಿ ಸಾಲಿನಲ್ಲಿರದೆ ಚೆಲ್ಲಾಪಿಲ್ಲಿಯಾಗಿದ್ದವು. "ಇದನ್ನ ಜೋಡಿಸಿದೋರು ಯಾರು ಮೇಡಂ, ಕತ್ತಲಲ್ಲಿ ಜೋಡಿಸಿದ್ರಾ?" ಎಂದೆ. ಅವರು ನಕ್ಕರು, ಬರೆದುಕೊಂಡರು.

ಎರಡನೇ ದಿನ ಮ್ಯಾಕ್. ನೋಡಲು ಬಹಳ ಚಂದ, ಹೊಸದಾಗಿ ಸಾರಿಸಿದ ಅಂಗಳದ ಹಾಗೆ. ಮೌಸ್ ಈಗ ನನ್ನ ಮಾತು ಕೇಳುತ್ತಿತ್ತು. ಬರೆದದ್ದೂ ಆಯಿತು, ಉಳಿಸಿದ್ದೂ ಆಯಿತು. ಮುಚ್ಚುವುದು ಮಾತ್ರ ತಿಳಿಯಲಿಲ್ಲ. ನಿನ್ನೆ ಬಲಗಡೆ ಮೂಲೆಯಲ್ಲಿ ಗುಣಾಕಾರದ ಗುರುತು ಇತ್ತು. ಇವತ್ತು ಬಲಗಡೆ ಏನೂ ಇಲ್ಲ. ಎಡಗಡೆ ಮೂರು ಬಣ್ಣದ ಚುಕ್ಕಿ: ಕೆಂಪು, ಹಳದಿ, ಹಸಿರು. ನಾನು ಹಸಿರು ಒತ್ತಿದೆ. ಹಾಳೆ ಇಡೀ ಪರದೆ ತುಂಬಿಕೊಂಡುಬಿಟ್ಟಿತು.

"ಕೆಂಪು ಯಾಕ ಒತ್ತಲಿಲ್ರಿ?"

"ಕೆಂಪು ಬಟ್ಟೆ ಟಾಯ್ಲೆಟ್‌ಗೆ ಮೇಡಂ. ಹಸಿರು ಪ್ಯಾಂಟ್ರಿಗೆ, ನೀಲಿ ಮೇಜಿಗೆ. ಕೆಂಪು ತಗೊಂಡು ಬಂದು ಮೇಜು ಒರೆಸಿದ್ರೆ ಮೆಮೊ ಕೊಡ್ತಾರೆ. ಕೆಂಪಿಗೆ ಕೈ ಹೋಗಲ್ಲ."

ಮೇಡಂ ನನ್ನನ್ನೇ ನೋಡಿದರು. ನಾಲ್ಕನೇ ಮಹಡಿಯಲ್ಲಿ ಇಷ್ಟು ವರ್ಷ ಕೂತಿದ್ದರೂ ಬಟ್ಟೆಗಳ ಬಣ್ಣಕ್ಕೊಂದು ಲೆಕ್ಕ ಇದೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಮತ್ತೆ ಮತ್ತೆ ಕೇಳಿ, ಯಾವ ಬಣ್ಣ ಎಲ್ಲಿಗೆ ಎಂದು ಒಂದು ಪುಟ ಪೂರ್ತಿ ಬರೆದುಕೊಂಡರು. ನಾನು ಅವತ್ತು ಮನೆಗೆ ಹೋಗುವಾಗ ಶೇರ್ ಆಟೋದಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದೆ. ಪಕ್ಕದವಳು "ಏನಕ್ಕ, ಲಾಟ್ರಿ ಹೊಡೀತಾ?" ಎಂದಳು.

ಮೂರನೇ ದಿನದ್ದು ಲಿನಕ್ಸ್. ಪರದೆ ಬೆಳಗಿದ ಕೂಡಲೇ ನಾನು ಮುಂದಕ್ಕೆ ಬಾಗಿದೆ. ಎಲ್ಲಾ ಕನ್ನಡದಲ್ಲಿತ್ತು! ಮೇಡಂ ಬೇಕೆಂದೇ ಹಾಗೆ ಹಾಕಿಟ್ಟಿದ್ದರು. ಕನ್ನಡದಲ್ಲೇ ಟೈಪ್ ಮಾಡುವುದನ್ನು ಹತ್ತು ನಿಮಿಷ ತೋರಿಸಿಕೊಟ್ಟು, "ನಿಮಗ ಬೇಕಾದ್ದು ನಾಲ್ಕು ಸಾಲು ಬರೀರಿ" ಎಂದರು.

ನಾನು ಬರೆದದ್ದು ನಮ್ಮಮ್ಮನ ವಿಷಯ. ಅಮ್ಮ ರಾಗಿ ಬೀಸುವಾಗ ಪದ ಹೇಳುತ್ತಿದ್ದಳು, ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ನನ್ನ ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಅಷ್ಟೆ. ಶಾಲೆ ಬಿಟ್ಟ ಮೇಲೆ ನಾನು ಒಟ್ಟಾಗಿ ನಾಲ್ಕು ಸಾಲು ಬರೆದಿರಲಿಲ್ಲ. ಬರೆದು ಮುಗಿಸಿದಾಗ ಅದು ನನ್ನದೇ ಎಂದು ನಂಬಿಕೆಯಾಗಲಿಲ್ಲ.

ಉಳಿಸಿದೆ, ಮುಚ್ಚಿದೆ, ಹುಡುಕಿದೆ, ಸಿಕ್ಕಿತು. ಆದರೂ ಜೀವ ತಡೆಯಲಿಲ್ಲ. ಇನ್ನೊಂದು ಸಲ ಉಳಿಸಿಬಿಡೋಣ ಎಂದು ಅದರ ಹೆಸರಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಬಂದ ಪಟ್ಟಿಯಲ್ಲಿ ಕಂಡ ಪದವನ್ನು ಆತುರದಲ್ಲಿ ಒತ್ತಿದೆ. ನಾಲ್ಕು ಸಾಲು ಮಾಯ.

ಅದು 'ಉಳಿಸು' ಆಗಿರಲಿಲ್ಲ. 'ಅಳಿಸು' ಆಗಿತ್ತು.

ನನಗೆ ಅಳು ಬಂದುಬಿಟ್ಟಿತು. ನಾಲ್ಕು ಸಾಲಿಗೆ ಅಳುತ್ತಾರಾ ಎಂದು ಈಗ ಅನ್ನಿಸಬಹುದು. ಮೇಡಂ ಎದ್ದು ಬರಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಒಮ್ಮೆ ಶುರುವಾದ ಮೇಲೆ ಹೇಳಿಕೊಡಬಾರದು ಎನ್ನುವುದು ಅವರ ಕೆಲಸದ ನಿಯಮ. ಆದರೆ ಅವರ ಕೈ ನೋಟ್‌ಬುಕ್ಕನ್ನು ಬಿಗಿಯಾಗಿ ಹಿಡಿದಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದೆ, ಅವರು ಹೇಳಿಕೊಟ್ಟ ಹಾಗೆ ಬಾಯಿಬಿಟ್ಟು.

"ಮೇಡಂ, ನಾವು ಬೆಳಿಗ್ಗೆ ಎತ್ತಿದ ಕಸ ಸಂಜೆ ಲಾರಿ ಬರೋವರೆಗೂ ಹಿಂದಿನ ಗೇಟಲ್ಲೇ ಇರುತ್ತೆ. ಒಂದ್ಸಲ ಯಾರದೋ ಉಂಗುರ ಕಳೆದಿತ್ತು, ಅಲ್ಲೇ ಹುಡುಕಿ ಕೊಟ್ವಿ. ಎಸೆದ ತಕ್ಷಣ ಯಾವುದೂ ಹೋಗಲ್ಲ. ಇದರಲ್ಲೂ ಎಲ್ಲೋ ಇಟ್ಟಿರ್ತಾರೆ."

ಹುಡುಕುತ್ತಾ ಹೋದೆ. ಪಕ್ಕದ ಸಾಲಿನಲ್ಲಿ 'ಕಸದ ಬುಟ್ಟಿ' ಎಂದಿತ್ತು. ಒತ್ತಿದರೆ ಒಳಗೆ ನಮ್ಮಮ್ಮ ಹಾಗೇ ಕೂತಿದ್ದಳು, ಒಂದು ಅಕ್ಷರವೂ ಮುಕ್ಕಾಗದೆ. "ಅಯ್ಯೋ ಸಿಕ್ತು ಮೇಡಂ!" ಎಂದು ಕೂಗಿಬಿಟ್ಟೆ. ಗಾಜಿನ ಆಚೆ ಇಂಜಿನಿಯರುಗಳು ತಿರುಗಿ ನೋಡಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ಬಂದ ನೀರೋ ಏನೋ, ನಾನು ಕೇಳಲಿಲ್ಲ.

ಕೊನೆಗೆ ಮೂರರಲ್ಲಿ ಯಾವುದು ವಾಸಿ ಎಂದು ಕೇಳಿದರು. ನಾನು ಹೇಳಿದ್ದು ಹೀಗೆ: "ಮೊದಲನೇದು ಎಲ್ಲರ ಮೇಜಲ್ಲೂ ಇದೆ, ಸಿಕ್ಕಾಕ್ಕೊಂಡ್ರೆ ಯಾರನ್ನ ಬೇಕಾದ್ರೂ ಕೇಳ್ಬಹುದು, ಅದೇ ಅದರ ಅನುಕೂಲ. ಎರಡನೇದು ಚಂದ, ಆದ್ರೆ ಹೊಸ ನೆಂಟರ ಮನೇಲಿ ಕೂತಂಗಾಯ್ತು, ಏನ್ ಮುಟ್ಟಿದ್ರೆ ಏನೋ ಅಂತ. ಮೂರನೇದು ನಮ್ಮ ಭಾಷೇಲೇ ಮಾತಾಡುತ್ತೆ ಮೇಡಂ, ಆದ್ರೆ ನಮ್ಮನೆಯವರ ತರ ಅಲ್ಲ, ತಾಲ್ಲೂಕು ಆಫೀಸಿನವರ ತರ. ಉಳಿಸು, ಅಳಿಸು ಅಂತ ಯಾಕೆ? 'ಇಟ್ಕೋ', 'ಎಸಿ' ಅನ್ನಲಿ. ಯಾರೂ ತಪ್ಪು ಮಾಡಲ್ಲ."

ಒಂದು ತಿಂಗಳ ಮೇಲೆ ಮೇಡಂ ತಮ್ಮ ವರದಿ ತೋರಿಸಿದರು. ಪೂರ್ತಿ ಇಂಗ್ಲಿಷು. ಒಂದು ಪುಟದ ನಡುವೆ ಮಾತ್ರ ಕನ್ನಡ ಅಕ್ಷರದಲ್ಲಿ 'ಇಟ್ಕೋ', 'ಎಸಿ' ಎಂದಿತ್ತು. ಕಂಪ್ಯೂಟರಿನಲ್ಲಿದ್ದ 'ಉಳಿಸು', 'ಅಳಿಸು' ಪದಗಳನ್ನು ಯಾರೂ ಬದಲಾಯಿಸಲಿಲ್ಲ, ಇವತ್ತಿಗೂ ಅವು ಹಾಗೇ ಇವೆ. ಆದರೆ ನಾನು ಹೇಳಿದ್ದನ್ನು ಒಬ್ಬರು ಕೇಳಿ, ಅಚ್ಚು ಹಾಕಿಸಿ, ದೊಡ್ಡವರ ಮುಂದೆ ಇಟ್ಟರಲ್ಲ.

ಆ ರುಚಿ ಬಿಡಲಿಲ್ಲ. ಬೇಗೂರಿನಲ್ಲಿ ನಮ್ಮ ಮನೆ ಓನರ್ ಒಬ್ಬ ಅಜ್ಜಿ. ಹಿಂದೆ ಅಲ್ಲೇ ಹೊಲ ಗೇಯ್ದವರು, ಈಗ ಮೂರು ಅಂತಸ್ತಿನ ತುಂಬ ಬಾಡಿಗೆಯವರು. ಅವರ ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಕಂಪ್ಯೂಟರ್ ಒಂದಿತ್ತು. ಮದುವೆಯಾಗಿ ಹೋದ ಮಗಳದ್ದು. ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ.

"ಅದ್ನಾ? ಇಂಗೇ ಕುಂತೈತಲ್ಲ ವರ್ಸಗಳಿಂದ, ಸತ್ಯನಾರಾಯಣ ಪೂಜೆ ಕಲಸ ಇದ್ದಂಗೆ. ಮುಟ್ಟವ್ವ, ಏನಾಯ್ತದೆ?"

ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅದರಲ್ಲಿದ್ದದ್ದು ವಿಂಡೋಸ್. ಕನ್ನಡ ಹಾಕಿಕೊಳ್ಳುವುದು ಹೇಗೆ ಎಂದು ಮೇಡಂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನ್ನ ಮೊದಲ ದೊಡ್ಡ ಕೆಲಸ ಅಜ್ಜಿಗಾಗಿ 'ಮನೆ ಬಾಡಿಗೆಗೆ ಇದೆ' ಎಂದು ದಪ್ಪಕ್ಷರದಲ್ಲಿ ಟೈಪ್ ಮಾಡಿ, ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಗೇಟಿಗೆ ಅಂಟಿಸಿದ ಮೇಲೆ ಅಜ್ಜಿ ರಸ್ತೆಯ ಆ ಬದಿಗೆ ಹೋಗಿ ನಿಂತು ನೋಡಿದರು.

ಮುಂದಿನ ವರ್ಷ ಹೌಸ್‌ಕೀಪಿಂಗ್‌ನ ಪಾಳಿ ಪಟ್ಟಿಯನ್ನು ಇನ್ನು ಕಂಪ್ಯೂಟರಿನಲ್ಲೇ ಮಾಡಬೇಕು ಎಂದು ಆಫೀಸಿನಿಂದ ಆದೇಶ ಬಂತು. ಸೂಪರ್‌ವೈಸರ್ ತಲೆ ಕೆರೆದುಕೊಂಡು, "ಯಾರಿಗಪ್ಪಾ ಬರುತ್ತೆ ಇದು?" ಎಂದರು. ನಾನು ಕೈ ಎತ್ತಿದೆ. ಅವರು ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದರು. ಆದರೆ ಈ ಮಾತನ್ನೂ ಹೇಳಬೇಕು: ಒಂದು ವಾರ ಪಟ್ಟಿ ಸರಿಯಾಗಿ ಬಂದ ಮೇಲೆ, ತಮ್ಮದೇ ಕುರ್ಚಿ ಬಿಟ್ಟುಕೊಟ್ಟು "ಕೂತ್ಕೊಂಡ್ ಮಾಡಮ್ಮ" ಎಂದವರೂ ಅವರೇ. ಮುಂದೆ ನನ್ನನ್ನು ಅದೇ ಕಟ್ಟಡದ ಹೆಲ್ಪ್ ಡೆಸ್ಕಿಗೆ ಹಾಕಿಸಿದ್ದೂ ಅವರ ಮಾತಿನಿಂದಲೇ. ಈಗ ಏಸಿ ಕೆಟ್ಟರೆ, ನಲ್ಲಿ ಸೋರಿದರೆ ಬರುವ ದೂರುಗಳನ್ನು ನಾನು ಬರೆದುಕೊಳ್ಳುತ್ತೇನೆ. ಆಫೀಸಿನಲ್ಲಿ ವಿಂಡೋಸ್. ಮನೆಗೆ ಒಂದು ಹಳೇ ಕಂಪ್ಯೂಟರ್ ತಂದು ಲಿನಕ್ಸ್ ಹಾಕಿಸಿಕೊಂಡಿದ್ದೇನೆ, ತಾಲ್ಲೂಕು ಆಫೀಸಿನ ಭಾಷೆಗೂ ಒಗ್ಗಿಹೋಗಿದ್ದೇನೆ. ಮ್ಯಾಕ್ ಕಂಡರೆ ಈಗಲೂ ಸ್ವಲ್ಪ ದೂರದಿಂದಲೇ ನಮಸ್ಕಾರ.

ಮೇಡಂ ಬೇರೆ ಊರಿಗೆ ಕೆಲಸ ಬದಲಾಯಿಸಿಕೊಂಡು ಹೋದರು. ಹೊರಡುವ ದಿನ ನಾನು ಎಳ್ಳುಂಡೆ ಮಾಡಿಕೊಂಡು ಹೋಗಿದ್ದೆ. "ನೀವು ಇಲ್ದಿದ್ರೆ ನಾನು..." ಎಂದು ಶುರುಮಾಡಿ, ಡಬ್ಬಿಯನ್ನೇ ಅವರ ಮುಂದೆ ಚಾಚಿದೆ. ಅವರು ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ನಾ ಏನೂ ಕಲಿಸಿಲ್ರಿ ಅಕ್ಕಾರ. ಬರೇ ಸುಮ್ಮ ಕುಂತಿದ್ದೆ" ಎಂದರು. ನಿಜ, ಕನ್ನಡ ಟೈಪ್ ಮಾಡುವುದೊಂದು ಬಿಟ್ಟರೆ ಅವರು ಏನೂ ಕಲಿಸಿರಲಿಲ್ಲ. ನಾನು ತಡವರಿಸುವಷ್ಟು ಹೊತ್ತು ಪಕ್ಕದಲ್ಲಿ ಕೂತಿದ್ದರು. ನನ್ನ ಜೀವನದಲ್ಲಿ ಹಾಗೆ ಕೂತವರು ಬಹಳ ಮಂದಿ ಇಲ್ಲ.

ಹೋದ ವಾರ ಅಜ್ಜಿ ಕರೆದು ತಮ್ಮ ಕಂಪ್ಯೂಟರಿನ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಹೊಲಗಳ ಹೆಸರೆಲ್ಲ ಬರೆದಿಡಬೇಕಂತೆ, ಮೊಮ್ಮಕ್ಕಳಿಗೆ ಗೊತ್ತಿಲ್ಲವಂತೆ. ಹುಣಸೆಮರದ ಹೊಲ, ಕಟ್ಟೆ ಕೆಳಗಳ ಗದ್ದೆ, ಮಾರಮ್ಮನ ತೆವರಿ, ದೊಣ್ಣೆ ಹಳ್ಳ. ಒಂದೊಂದು ಹೆಸರು ಹೇಳುವಾಗಲೂ ಕೈಯೆತ್ತಿ ಕಿಟಕಿಯಾಚೆ ಒಂದೊಂದು ಅಪಾರ್ಟ್‌ಮೆಂಟ್ ತೋರಿಸುತ್ತಿದ್ದರು. ದೊಣ್ಣೆ ಹಳ್ಳದ ಹತ್ತಿರ ಬಂದಾಗ "ತತ್ತಾ, ಅದೊಂದ್ನ ನಾನೇ ಒತ್ತೀನಿ" ಎಂದು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಕೀಗಳ ಮೇಲೆ ನಾನು ಅಂಟಿಸಿದ್ದ ಕನ್ನಡ ಅಕ್ಷರಗಳಲ್ಲಿ 'ದ' ಎಲ್ಲಿದೆ ಎಂದು ಹುಡುಕುತ್ತಿದ್ದರು. ನಾನು ಕೈ ಕಟ್ಟಿಕೊಂಡು ಕಾದೆ.