‘ಪರ್ಫೆಕ್ಟ್‌ಲಿ’ ಮೇಷ್ಟ್ರು

ರಂಗಸ್ವಾಮಯ್ಯ ಮೇಷ್ಟ್ರ ಸೈಕಲ್ಲಿಗೆ ಬ್ರೇಕಿರಲಿಲ್ಲ, ಕೊಡೆಯ ಕಡ್ಡಿಗಳು ಮುರಿದಿದ್ದವು, ಕೋಟಿನ ಗುಂಡಿಗಳಿಗೆ ಒಂದಕ್ಕೊಂದು ನೆಂಟಸ್ತಿಕೆ ಇರಲಿಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಯಾರಾದರೂ ‘ಸೌಖ್ಯವೇ’ ಎಂದರೆ ಕಾಲನ್ನು ನೆಲಕ್ಕೆ ಉಜ್ಜಿ ಸೈಕಲ್ ನಿಲ್ಲಿಸಿ, ‘ವೆಲ್. ಬಟ್ ನಾಟ್ ಪರ್ಫೆಕ್ಟ್‌ಲಿ’ ಎಂದು, ತಮ್ಮ ಕಫದ ವಿವರವನ್ನೂ ಕೊಟ್ಟೇ ಮುಂದೆ ಹೋಗುತ್ತಿದ್ದರು. ಎಳ್ಳಷ್ಟೂ ಕುಂದಿಲ್ಲದ್ದಕ್ಕೆ ಮಾತ್ರ ಸಲ್ಲಬೇಕಾದ ಆ ಪದವನ್ನು ಜನ ಕಡಲೆಪುರಿಯಂತೆ ಎರಚುತ್ತಾರೆ ಎಂದು ಅವರ ಕೊರಗು. ಊರಿನಲ್ಲಿ ಆ ಪದ ಗೊತ್ತಿದ್ದವರೇ ಬೆರಳೆಣಿಕೆಯಷ್ಟು ಜನ ಎಂಬುದು ಬೇರೆ ಮಾತು.

ಹೈಸ್ಕೂಲಿನಲ್ಲಿ ಅವರದು ಇಂಗ್ಲಿಷ್ ಪಾಠ. ದಿನಕ್ಕೊಬ್ಬರು ಎದ್ದು ಮನೆಯ ಸಂಗತಿಯೊಂದನ್ನು ಆ ಪದ ಸೇರಿಸಿ ಹೇಳಬೇಕು. ಹೇಳಿದ್ದು ನಿಜವಾಗಿರಬೇಕು. ಒಮ್ಮೆ ತಮ್ಮೇಗೌಡ, ‘ಮೈ ಫಾದರ್ ಪ್ಲೌಸ್ ಪರ್ಫೆಕ್ಟ್‌ಲಿ’ ಎಂದ. ಮೇಷ್ಟ್ರು ಸಂಜೆ ಅವರ ಹೊಲಕ್ಕೇ ಹೋಗಿ, ಬದುವಿನ ಮೇಲೆ ಕೂತು, ಅವನಪ್ಪ ಉಳುವುದನ್ನು ನೋಡಿ ಬಂದರು. ಮಾರನೆಯ ದಿನ, ‘ಹುಣಿಸೆಮರದ ಹತ್ತಿರ ಸಾಲು ಸೊಟ್ಟಗಾಗಿದೆ ಕಣಯ್ಯ. ಮೈ ಫಾದರ್ ಪ್ಲೌಸ್. ಅಷ್ಟು ಸಾಕು’ ಎಂದರು. ಆ ಗೌಡರು ಆಮೇಲೆ ಮೇಷ್ಟ್ರನ್ನು ಕಂಡಾಗಲೆಲ್ಲ ಎತ್ತುಗಳನ್ನು ಬೈಯತೊಡಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅರಕಲಗೂಡಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಹಾಸನದಲ್ಲಿ ಗುಮಾಸ್ತ. ಹುಡುಗಿಗೆ ಹಾಡು ಬರದಿದ್ದರೂ ಪರವಾಗಿಲ್ಲ, ಸಾಹೇಬರ ಹೆಂಡತಿಯ ಮುಂದೆ ನಾಲ್ಕು ಮಾತು ಇಂಗ್ಲಿಷ್ ಆಡಬೇಕು ಎಂಬುದು ಅವರ ಷರತ್ತು. ಮದುವೆಯಾದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಟೀಚರಾಗುವ ಆಸೆಯನ್ನು ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಮೇಷ್ಟ್ರ ಮುಂದೆ ಅತ್ತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗಿಗೊಂದು ಇಂಗ್ಲಿಷ್ ವಾಕ್ಯ ಕಲಿಸಿ, ಗಂಡಿನವರು ನೋಡಲು ಬರುವ ದಿನ ನೀವೂ ಬಂದು ಕೂತಿರಿ ಎಂದು ಅಪ್ಪ ಕೇಳಿಕೊಂಡದ್ದೂ ಅವರನ್ನೇ.

ಹೆಣ್ಣು ನೋಡುವ ದಿನ ಚಿಕ್ಕಮ್ಮನೋ ಅತ್ತೆಯೋ ತಿಂಡಿ ಮಾಡಿ, ಎಲ್ಲ ಹುಡುಗಿಯ ಕೈಯದೇ ಎನ್ನುವುದು ಮನೆಮನೆಯ ಸುಳ್ಳು. ನಮ್ಮಲ್ಲಿ ಅದು ನಿಜವಾಗಿತ್ತು. ಮುಂಚೆಯೇ ಬಂದಿದ್ದ ಮೇಷ್ಟ್ರು, ನಾನು ಉಪ್ಪಿಟ್ಟು ಕೆದಕುವುದನ್ನು ಅಡುಗೆಮನೆ ಬಾಗಿಲಲ್ಲಿ ಕೂತು ಕಣ್ಣಾರೆ ಕಂಡು, ಮತ್ತೊಮ್ಮೆ ಹಾಕಿಸಿಕೊಂಡು ತಿಂದಿದ್ದರು.

ಗಂಡಿನವರು ಬಂದು ಕೂತ ಮೇಲೆ ನಾನು ತಲೆ ತಗ್ಗಿಸಿ ‘ಐ ಕುಕ್ ಪರ್ಫೆಕ್ಟ್‌ಲಿ’ ಎಂದೆ. ಹುಡುಗನ ತಂದೆ ಮೇಷ್ಟ್ರ ಕಡೆ ತಿರುಗಿದರು. ‘ಎಂಗೈತೆ ಮೇಷ್ಟ್ರೇ? ಸರೀಗೆ ಯೋಳ್ತಾ ಉಡುಗಿ?’

‘ಇಂಗ್ಲಿಷು ಸರಿಯಾಗಿದೆ. ಸಂಗತಿ ಸುಳ್ಳು’ ಎಂದರು ಮೇಷ್ಟ್ರು. ‘ಇವಳು ಒಲೆ ಮುಂದೆ ನಿಂತಿದ್ದನ್ನ ನಾನು ಕಂಡೇ ಇಲ್ಲ. ಈ ಉಪ್ಪಿಟ್ಟು ಯಾರ ಕೈದೋ.’

ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂಬ ಕೀರ್ತಿ ಅರಕಲಗೂಡಿನವರೆಗೂ ಹಬ್ಬಿತ್ತು. ಬಂದವರು ಕಾಫಿಗೂ ನಿಲ್ಲಲಿಲ್ಲ. ‘ನಮ್ಮನೇಲಿ ತಿಂದು ನಮ್ಗೇ ಎರಡು ಬಗೆದ್ಬುಟ್ಟ ಕಣೇ’ ಎಂದು ಅವ್ವನ ಹತ್ತಿರ ಕೂಗಾಡಿದ ಅಪ್ಪ ಅವರೊಡನೆ ಮಾತು ಬಿಟ್ಟ. ಮೇಷ್ಟ್ರೂ ತರಗತಿಯಲ್ಲಿ ಬಹಳ ದಿನ ಯಾರಿಂದಲೂ ವಾಕ್ಯ ಹೇಳಿಸಲಿಲ್ಲ. ಪಾಪ, ಯಾವ ಮುಖ ಇಟ್ಟುಕೊಂಡು ಹೇಳಿಸುತ್ತಾರೆ?

ಅಡುಗೆ ಬಾರದವಳೆಂಬ ಹೆಸರು ಹೊತ್ತ ನನ್ನನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ. ನಾನು ನೆಮ್ಮದಿಯಾಗಿ ಓದಿ, ಚನ್ನರಾಯಪಟ್ಟಣದಲ್ಲಿ ಟೀಚರಾದೆ. ಅವರ ಆ ಒಂದು ಸುಳ್ಳಿನ ಅನ್ನವನ್ನೇ ಇಂದಿಗೂ ಉಣ್ಣುತ್ತಿದ್ದೇನೆ.

ನಿವೃತ್ತರಾದ ಮೇಲೆ ಮೇಷ್ಟ್ರು ಒಮ್ಮೆ ನನ್ನ ಬಾಡಿಗೆ ಮನೆಗೆ ಬಂದರು. ಉಬ್ಬಸ ಹೆಚ್ಚಾಗಿತ್ತು. ಆ ಮಳೆಗಾಲದಲ್ಲೇ ತೀರಿಕೊಂಡರಾದ್ದರಿಂದ ನಾನು ಅವರನ್ನು ಕಂಡದ್ದು ಅದೇ ಕೊನೆ. ಬೇಕೆಂದೇ ಉಪ್ಪಿಟ್ಟು ಮಾಡಿ ಕೊಟ್ಟೆ. ತಟ್ಟೆ ಬಳಿದು ತಿಂದು, ‘ಆವತ್ತಿನ ವಾಕ್ಯ ಇನ್ನೊಂದು ಸಲ ಹೇಳಮ್ಮ’ ಎಂದರು.

ಹೇಳಿದೆ.

‘ನಿಜ ಕಣಮ್ಮ’ ಎಂದರು. ‘ಆವತ್ತೂ ನಿಜ.’