ಸುಮ್ಮನೆ ನಿಲ್ಲಲು ಒಂದು ಓಣಿ

ಸಂಕ್ರಾಂತಿ ಮುಗಿದ ವಾರ, ಹುಬ್ಬಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ನಾನು ಮತ್ತು ನನ್ನ ನಾದಿನಿ ಕಮಲಾ ಹೊರಟೆವು. ಸರಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ಚಾರ್ಜಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಜೀರೋ ಟಿಕೆಟ್ ಕೊಡುತ್ತಾನೆ. ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಹೋದದ್ದು ಬಾಡಿಗೆಗೆ ಜಾಗ ಹುಡುಕಲು. ನಾನಿರುವ ಅಪಾರ್ಟ್‌ಮೆಂಟನ್ನು ಕೆಡವುತ್ತಾರೆ, ಯುಗಾದಿಯೊಳಗೆ ಖಾಲಿ ಮಾಡಬೇಕು. ಪುಣೆಯಲ್ಲಿರುವ ಮಗಳು ತನ್ನ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ ನನಗೊಂದು ರೂಮು ಸಿದ್ಧಮಾಡಿ ಕಾಯುತ್ತಿದ್ದಳು. ಈ ಸುತ್ತಾಟದಲ್ಲಿ ಏನೂ ಸಿಗದಿದ್ದರೆ ಅಲ್ಲಿಗೇ ಬರುತ್ತೇನೆಂದು ಮಾತು ಕೊಟ್ಟಿದ್ದೆ. ಮಗಳು ಒಳ್ಳೆಯವಳು, ವ್ಯೂ ಕೂಡ ಬ್ಯೂಟಿಫುಲ್. ಆದರೆ ಅಲ್ಲಿಂದ ರಸ್ತೆ ಕಾಣುತ್ತದೆ, ಕೇಳಿಸುವುದಿಲ್ಲ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಸಂಜೆ ಗೇಟಿನ ಬಳಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಗರ್ಲ್ಸ್, ನೋ ಲಾಯ್ಟರಿಂಗ್." ದಾರಿಯಲ್ಲಿ ಸುಮ್ಮನೆ ನಿಲ್ಲಬಾರದು. ಆ ಮಾತನ್ನು ನಾನು ಸಂಸಾರ, ನೌಕರಿ ಎಲ್ಲ ಮುಗಿಯುವವರೆಗೂ ಪಾಲಿಸಿದೆ. ಈ ವಯಸ್ಸಿನಲ್ಲಿ ನನಗೆ ಬೇಕಾದದ್ದು ಸುಮ್ಮನೆ ನಿಲ್ಲಬಹುದಾದ ಒಂದು ಓಣಿ. ಮನೆ ಹೇಗಿದ್ದರೂ ನಡೆದೀತು.

"ಮಂದಿ ಮನಿ ನೋಡಾಕ ಹೋಗ್ತಾರ, ನೀವು ಓಣಿ ನೋಡಾಕ ಹೊಂಟೀರಿ," ಎಂದಳು ಕಮಲಾ. "ಓಣ್ಯಾಗ ಮಲಗೋರೇನ್ರಿ, ವೈನಿ?"

ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಅನಗವಾಡಿಯ ಸೇತುವೆ ದಾಟಿ ಬೀಳಗಿ ಸೇರಿದಾಗ ಬಿಸಿಲು ಹಿತವಾಗಿತ್ತು. ಬಜಾರಿನ ಹಿಂದಿನ ಒಂದು ಓಣಿ ನೋಡಿದ ಕೂಡಲೇ ಮನಸ್ಸಿಗೆ ಬಂತು. ಎರಡೂ ಕಡೆ ಕಲ್ಲಿನ ಗೋಡೆಗಳು, ನಡುವೆ ಬೇವಿನ ನೆರಳು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕರೊಬ್ಬರು ನಾವು ಯಾರೆಂದು ಕೇಳುವ ಮೊದಲೇ ಒಂದು ಹಿಡಿ ಕೈಗಿಟ್ಟರು. ಆದರೆ ಓಣಿಯ ಏರು ಕಡಿದಾಗಿತ್ತು. ಅರ್ಧಕ್ಕೇ ನನ್ನ ಮೊಣಕಾಲು ಸೋತಿತು. ಇಳಿದು ಬಂದು ಮಿರ್ಚಿ ಭಜಿ ತಿಂದು ಮುಧೋಳದ ಬಸ್ಸು ಹತ್ತಿದೆವು.

ಮುಧೋಳದ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬಿದ್ದು, ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆವು. ಪೇಟೆಯ ರಸ್ತೆ ಸಂಜೆ ಚಂದ ಕಾಣುತ್ತದೆ. ಬಟ್ಟೆಯಂಗಡಿಗಳ ಬೆಳಕು, ಬೆಲ್ಲದ ವಾಸನೆ. ನಡುವೆ ಒಬ್ಬ ತನ್ನ ಬೇಟೆನಾಯಿಯನ್ನು ಹಿಡಿದು ಬಂದ. ಆ ಉದ್ದ ಕಾಲಿನ, ತೆಳು ಸೊಂಟದ ನಾಯಿಗೆ ಜನರು ಸಾಹೇಬರಿಗೆ ಬಿಟ್ಟಂತೆ ದಾರಿ ಬಿಟ್ಟರು. ನನಗೆ ಮಾತ್ರ ಯಾರೂ ಬಿಡಲಿಲ್ಲ. ನಿಂತಲ್ಲೆಲ್ಲ ಬೆನ್ನ ಹಿಂದೆ ಹಾರ್ನು. ಆ ರಾತ್ರಿ ಲಾಡ್ಜಿನಲ್ಲಿ ತಂಗಿದೆವು.

ಮರುದಿನದ ಜಮಖಂಡಿಯ ಮೇಲೆ ನನಗೆ ಬಹಳ ಆಸೆಯಿತ್ತು. ನಾನು ಹುಟ್ಟಿದ್ದು ಅಲ್ಲಿ. ಹಳೆಯ ಓಣಿಯನ್ನು ಯಾರನ್ನೂ ಕೇಳದೆ ಹುಡುಕಿದೆ. ಮನೆಗಳ ಮುಂದಿನ ಕಟ್ಟೆಗಳನ್ನು ಒಡೆದು ರಸ್ತೆ ಅಗಲ ಮಾಡಿದ್ದಾರೆ. ಒಳ್ಳೆಯದೇ, ಈಗ ಆಂಬುಲೆನ್ಸ್ ಬರುತ್ತದೆ. ನಾವಿದ್ದ ಮನೆಯೆದುರು ಸ್ವಲ್ಪ ಹೊತ್ತು ನಿಂತೆ. ಕಿಟಕಿಯಿಂದ ಒಬ್ಬ ತರುಣಿ ಮರ್ಯಾದೆಯಿಂದಲೇ ಕೇಳಿದಳು: "ಯಾರ ಬೇಕಾಗಿತ್ರಿ, ಆಂಟಿ?"

ಯಾರೂ ಇಲ್ಲಮ್ಮ ಎಂದೆ. ಯಾರೂ ಬೇಡ ಎಂದ ಮೇಲೆ ಅಲ್ಲಿ ನಿಲ್ಲುವಂತಿಲ್ಲ, ನಡೆದೆ. ಅಲ್ಲಿಯವರೆಗೆ ಚೇಷ್ಟೆ ಮಾಡುತ್ತಿದ್ದ ಕಮಲಾ ನನ್ನ ಬ್ಯಾಗು ತಾನು ತೆಗೆದುಕೊಂಡು, ಪುಣೆಗೆ ಫೋನ್ ಮಾಡೋಣವೇ ಎಂದು ಮೆಲ್ಲಗೆ ಕೇಳಿದಳು. ನಾಳೆ ಮಾಡೋಣ ಎಂದೆ. ಹೇಗೂ ಅವಳಿಗೆ ಬನಹಟ್ಟಿಯಲ್ಲಿ ಸೀರೆ ಕೊಳ್ಳಬೇಕಿತ್ತು. ಅಂದು ಜಮಖಂಡಿಯಲ್ಲೇ ಉಳಿದು, ಬೆಳಿಗ್ಗೆ ಬನಹಟ್ಟಿಗೆ ಹೋದೆವು.

ಸೀರೆ ಮಾರುವ ಮನೆ ತಿರುವಿನಾಚೆ ಇದೆಯೆಂದು ಹೇಳಿ ಆಟೋದವನು ಓಣಿಯ ಬಾಯಲ್ಲೇ ಇಳಿಸಿಹೋದ. ಎರಡೂ ಬದಿಯ ಮನೆಗಳೊಳಗಿನಿಂದ ಪಾವರಲೂಮಿನ ಖಟಖಟ. ಓಣಿಯ ಉದ್ದಕ್ಕೂ ಸೊಂಟದೆತ್ತರಕ್ಕೆ ಕೆಂಪು ನೂಲಿನ ಎಳೆಗಳನ್ನು ಎಳೆದು ಕಟ್ಟಿದ್ದರು, ತಿರುವಿನಲ್ಲಿ ಅವು ದಾರಿಗೇ ಅಡ್ಡವಾಗಿದ್ದವು. ಬಟ್ಟೆ ಒಣಹಾಕುವ ಹಗ್ಗವನ್ನು ಎತ್ತುವಂತೆ ನಾನು ಛತ್ರಿಯಿಂದ ಅವನ್ನು ಮೇಲೆತ್ತಿ ಕೆಳಗೆ ನುಸುಳಹೋದೆ. ನಾಲ್ಕಾರು ಎಳೆ ಪಟಪಟ ಹರಿದವು.

"ಏ ಅಕ್ಕಾರ, ಛತ್ರಿ ಕೆಳಗ ಬಿಡ್ರಿ." ಗಂಜಿಯ ಕುಂಚ ಹಿಡಿದು ಬಂದವಳು ನನ್ನದೇ ವಯಸ್ಸಿನವಳು, ಹೆಸರು ಗಂಗವ್ವ ಎಂದು ಆಮೇಲೆ ತಿಳಿಯಿತು. ಅದು ಅವರ ಕೈಮಗ್ಗದ ಸೀರೆಯ ಹಾಸು, ನೇಯುವ ಮೊದಲು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುವ ನೂಲು. ನಾನು ಸಾರಿ, ಸಾರಿ ಎನ್ನುತ್ತಲೇ ಇದ್ದೆ. ಅವಳು ಹರಿದ ಎಳೆಗಳ ಒಂದೊಂದು ತುದಿಯನ್ನು ನನ್ನ ಬೆರಳಿಗೆ ಕೊಟ್ಟು, ಇನ್ನೊಂದು ತುದಿ ಹುಡುಕತೊಡಗಿದಳು.

"ಹರದವರ ಹಿಡೀಬೇಕ್ರಿ. ಇದು ಈ ಓಣಿ ಪದ್ಧತಿ."

ಆಚೆ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದವನೊಬ್ಬ ನಕ್ಕ. "ಮೊನ್ನೆ ನಾನೂ ಹಿಡದೇನ್ರಿ. ಇವತ್ತ ನಿಮ್ಮ ಪಾಳಿ."

ಹಿಡಿದು ನಿಂತೆ. ಗಂಗವ್ವ ಎಳೆ ಹೊಸೆದು ಕೂಡಿಸುತ್ತ, ಯಾರ ಮನೆಗೆ ಬಂದಿರಿ ಎಂದು ಕೇಳಿದಳು. ನನಗೆ ಜಮಖಂಡಿಯ ಕಿಟಕಿ ನೆನಪಾಯಿತು. ಯಾರ ಮನೆಗೂ ಅಲ್ಲ ಎಂದೆ.

"ಹಂಗಾರ ಅವಸರಿಲ್ಲ. ಗಟ್ಟಿ ಹಿಡೀರಿ, ಸಡಲ ಬಿಡಬ್ಯಾಡ್ರಿ."

ಚಹಾ ಬಂತು. ಕಮಲಾ ಕಟ್ಟೆಯ ಮೇಲೆ ಕುಳಿತು ನನ್ನ ಓಣಿಯ ಹುಚ್ಚನ್ನೆಲ್ಲ ವರದಿ ಮಾಡಿದಳು. ಎಲ್ಲರೂ ನಕ್ಕರು. ನಾನು ಮಾತ್ರ ಕೈ ಅಲುಗಿಸುವಂತಿರಲಿಲ್ಲ. ದಾರಿಯ ನಡುವೆ, ಹಾಡಹಗಲು, ಏನೂ ಕೆಲಸವಿಲ್ಲದೆ, ಪರ್ಮಿಶನ್ ಸಮೇತ ನಿಂತಿದ್ದೆ. ಸಿಸ್ಟರ್ ನೋಡಬೇಕಿತ್ತು.

ಎದುರುಮನೆ ಖಾಲಿ ಇದೆಯೆಂದು ಹೇಳಿದವಳೂ ಗಂಗವ್ವನೇ. ಅಲ್ಲಿದ್ದ ಮಾಸ್ತರರಿಗೆ ವರ್ಗವಾಗಿತ್ತು. ಕಮಲಾ ಒಳಗೆ ಹೋಗಿ ನಳ, ಬಚ್ಚಲು, ಮೆಟ್ಟಿಲು ಎಲ್ಲ ಪರೀಕ್ಷಿಸಿ ಬಂದು, ಒಂದೇ ಖೋಲಿಯಾದರೂ ಛಲೋ ಇದೆ ಎಂದಳು. ನಾನು ಹೊಸ್ತಿಲಲ್ಲಿ ನಿಂತು ಹೊರಗೆ ನೋಡಿದೆ. ಅಲ್ಲಿಂದ ಓಣಿ ಕಾಣುತ್ತಿತ್ತು, ಕೇಳಿಸುತ್ತಲೂ ಇತ್ತು. ಮಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹಿಂದೆ ಅದೇನು ಸದ್ದು ಎಂದು ಅವಳು ಕೇಳಿದಳು. ನಮ್ಮ ಓಣಿ ಎಂದೆ.

ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಗಂಗವ್ವ ಹಾಸು ಸುತ್ತುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಸಾಮಾನು ತರೂವಾಗ ಆ ಕಡಿಂದ ಬರ್ರಿ, ಅಕ್ಕಾರ. ಮುಂಜಾನಿ ಈ ಕಡಿ ಹಾಸು ಇರ್ತೈತಿ."